ಎತ್ತರದ ಮರದ ಒಣಕೊಂಬೆ

ಕೊಂಬೆ ಒಣಗಿದ ಮಾತ್ರಕ್ಕೆ ಮರಕ್ಕೆ ರೋಗ ಬಂದಿದೆ ಎಂದಲ್ಲ. ದಟ್ಟ ಕಾಡಿನಲ್ಲಿ ಬೆಳಕಿಗಾಗಿ ಮರ ಮೇಲೇರಿದಂತೆ ಕೆಳಗಿನ ಕೊಂಬೆಗಳು ನೆರಳಿಗೆ ಬೀಳುತ್ತವೆ. ತನ್ನ ಖರ್ಚಿಗೆ ಸಾಲುವಷ್ಟು ಆಹಾರವನ್ನೂ ತಯಾರಿಸಲಾಗದ ಕೊಂಬೆ ಸಾಯುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಇದಕ್ಕೆ ಬೇರೆ ಕಾರಣಗಳೂ ಸೇರುತ್ತವೆ. ಮಾವಿನ ಮರಕ್ಕೆ ಬಂದಳಿಕೆ ಹತ್ತಿದರೆ ಅದರಿಂದಾಚೆಗಿನ ಟೊಂಗೆ ನೀರು ಸಿಗದೆ ಸೊರಗುತ್ತದೆ. ಸೊಪ್ಪಿನ ಬೆಟ್ಟದ ಮರಗಳಲ್ಲಿ ತೋಟಕ್ಕೆಂದು ಸೊಪ್ಪು ಕಡಿದಾಗ ಉಳಿದ ಮೋಟುಗಳಿಂದ ಕೊಳೆ ಒಳಗಿಳಿಯುತ್ತದೆ. ಸಿಡಿಲು, ಗೆದ್ದಲು ಇದ್ದೇ ಇವೆ.

ಕಾಡಿನ ನಡುವೆ ಒಣಕೊಂಬೆ ಬಿದ್ದರೆ ಯಾರ ನಷ್ಟವೂ ಅಲ್ಲ. ಆದರೆ ಈ ಮೂರು ತಾಲ್ಲೂಕುಗಳಲ್ಲಿ ಬೆಟ್ಟ, ತೋಟ, ಮನೆ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ತೋಟದ ಅಂಚಿನ ಹಳೆಯ ಕಾಡುಮಾವು ನೂರಡಿಯ ಆಸುಪಾಸು ಬೆಳೆಯಬಲ್ಲದು. ಅದರ ಕೊಂಬೆಯೊಂದು ಆಷಾಢದ ಗಾಳಿಗೆ ಮುರಿದರೆ ಹೆಂಚು ಹೋಗುತ್ತದೆ, ತಂತಿ ಹರಿಯುತ್ತದೆ. ಇವನ್ನು ಸರಿಮಾಡಬಹುದು, ಅಡಿಕೆ ಮರದ ತಲೆ ಮುರಿದರೆ ಮಾತ್ರ ಏನೂ ಮಾಡುವಂತಿಲ್ಲ. ಅಡಿಕೆಗೆ ಬೆಳೆಯುವ ಸುಳಿ ಒಂದೇ. ಅದು ಹೋದರೆ ಮರವೇ ಹೋದಂತೆ, ಹೊಸ ಸಸಿ ಫಲಕ್ಕೆ ಬರಲು ಐದಾರು ವರ್ಷ ಕಾಯಬೇಕು.

ಒಣಕೊಂಬೆಯನ್ನು ಗುರುತಿಸಲೂ ಕಾಲ ನೋಡಬೇಕು. ಮತ್ತಿ, ಹೊನ್ನೆಯಂಥ ಎಲೆ ಉದುರಿಸುವ ಮರಗಳು ಬೇಸಿಗೆಯಲ್ಲಿ ಬೋಳಾಗಿ ನಿಂತಾಗ ಸತ್ತದ್ದೂ ಬದುಕಿದ್ದೂ ಒಂದೇ ತೆರ ಕಾಣುತ್ತವೆ. ಚಿಗುರು ಒಡೆದ ಮೇಲೆ ವ್ಯತ್ಯಾಸ ಗೊತ್ತಾಗುತ್ತದೆ. ಸಣ್ಣ ಕಡ್ಡಿಗಳು ಇನ್ನೂ ಉಳಿದಿದ್ದರೆ ಕೊಂಬೆ ಈಚೆಗೆ ಸತ್ತದ್ದು. ಸಿಪ್ಪೆ ಕಳಚಿ ಬೂದುಬಣ್ಣಕ್ಕೆ ತಿರುಗಿದ್ದರೆ ಹಳೆಯದು. ಅಣಬೆ ಹಲಗೆಯಂತೆ ಚಾಚಿಕೊಂಡಿದ್ದರೆ ಒಳಗೆ ಕುಂಬಾಗಿದೆ ಎಂದೇ ತಿಳಿಯಬೇಕು. ಹಸಿ ಕೊಂಬೆ ಬಾಗುತ್ತದೆ, ಮುರಿಯುವ ಮುನ್ನ ಸದ್ದು ಮಾಡುತ್ತದೆ. ಕುಂಬುಕೊಂಬೆಗೆ ಆ ಸೌಜನ್ಯವಿಲ್ಲ. ಮಳೆನೀರು ಕುಡಿದು ತೂಕವಾದಾಗ ಗಾಳಿಯಿಲ್ಲದ ದಿನವೂ ಕಳಚಿ ಬೀಳಬಹುದು.

ಮಳೆಗಾಲದಲ್ಲಿ ಕಾಂಡಕ್ಕೆ ಪಾಚಿ ಹಿಡಿದು ಕಾಲು ನಿಲ್ಲದ ಕಾರಣ ಒಣಕೊಂಬೆ ತೆಗೆಯುವ ಕೆಲಸ ಏಪ್ರಿಲ್, ಮೇ ತಿಂಗಳಲ್ಲೇ ಆಗಬೇಕು. ಅದೂ ಬೆಳಗಿನ ಹೊತ್ತು. ಮಧ್ಯಾಹ್ನದ ಮೇಲೆ ಗುಡುಗು-ಸಿಡಿಲಿನ ಮಳೆ ಬರುವ ದಿನಗಳವು.

ನೆಲದಿಂದಲೇ ಮುಗಿಯುವ ಕೆಲಸಕ್ಕೆ ಮರ ಹತ್ತಬಾರದು. ದೋಟಿಯ ತುದಿಗೆ ಗರಗಸ ಕಟ್ಟಿ ಸಣ್ಣ ಟೊಂಗೆಗಳನ್ನು ಕೊಯ್ಯಬಹುದು. ನಿಲ್ಲುವುದು ಮಾತ್ರ ಕೊಂಬೆಯ ನೇರ ಕೆಳಗಲ್ಲ. ದೋಟಿ ಮುಟ್ಟದಷ್ಟು ಎತ್ತರಕ್ಕೆ ಹಗ್ಗವೇ ದಾರಿ. ತೆಳ್ಳನೆಯ ದಾರಕ್ಕೆ ಮರಳಿನ ಪುಟ್ಟ ಚೀಲ ಕಟ್ಟಿ ಕೊಂಬೆಯ ಆಚೆಗೆ ಎಸೆಯುತ್ತಾರೆ. ದಾರ ದಾಟಿದ ಮೇಲೆ ಅದರ ಹಿಂದೆ ದಪ್ಪ ಹಗ್ಗ ಎಳೆದುಕೊಳ್ಳುತ್ತಾರೆ. ಇಬ್ಬರು ದೂರ ನಿಂತು ಜಗ್ಗಿದರೆ ಕುಂಬಾದ ಕೊಂಬೆ ಬುಡದಲ್ಲೇ ಮುರಿಯುತ್ತದೆ. ಗಟ್ಟಿಯಾಗಿದ್ದರೆ ಜಗ್ಗುವುದನ್ನು ಅಲ್ಲಿಗೇ ನಿಲ್ಲಿಸಬೇಕು.

ಆಗ ಹತ್ತುವವರು ಬೇಕು. ಮಲೆನಾಡಿನಲ್ಲಿ ಅಂಥವರೆಂದರೆ ಮೊದಲು ನೆನಪಾಗುವುದು ಅಡಿಕೆ ಕೊನೆ ಇಳಿಸುವ ಕೊನೆಗೌಡರು. ಅಡಿಕೆ ಮರದ ತುದಿಯಿಂದ ಬಾಗಿ ಇನ್ನೊಂದು ಮರ ಹಿಡಿದು ದಾಟಬಲ್ಲವರು ಅವರು. ಆದರೆ ಅಡಿಕೆಗೆ ಪಳಗಿದ ಕೈಯೆಲ್ಲ ಮಾವಿಗೆ ಪಳಗಿದ್ದಲ್ಲ. ತೋಳಿಗೆ ಸಿಗದ ಕಾಂಡಕ್ಕೆ ಬೇರೆಯೇ ಜಾಣ್ಮೆ ಬೇಕು. ಕವಲುಗಳನ್ನು ಗೇಣುದ್ದ ಉಳಿಸಿ ಸವರಿದ ಒಂಟಿ ಬಿದಿರಿನ ಏಣಿ ಮೊದಲ ಕವಲಿನವರೆಗೆ ಒಯ್ಯುತ್ತದೆ. ಅಲ್ಲಿಂದ ಮುಂದೆ ಸೊಂಟದ ಹಗ್ಗ ಹಸಿ ಕೊಂಬೆಗೇ ಬಿಗಿದಿರಬೇಕು, ಕಾಲು ಹಸಿ ಕೊಂಬೆಯ ಮೇಲೇ ಇರಬೇಕು. ಒಣಕೊಂಬೆಯನ್ನು ಆಸರೆಗೆಂದು ಕ್ಷಣಹೊತ್ತೂ ನಂಬುವಂತಿಲ್ಲ.

ದಪ್ಪ ಕೊಂಬೆಯನ್ನು ಒಂದೇ ಪೆಟ್ಟಿಗೆ ಕಡಿದರೆ ಭಾರಕ್ಕೆ ಸೀಳಿ ಕಾಂಡದ ಸಿಪ್ಪೆಯನ್ನೂ ಕಿತ್ತುಕೊಂಡು ಹೋಗುತ್ತದೆ. ಅದಕ್ಕೇ ಮೂರು ಕೊಯ್ತ ಬೇಕು. ಮೊದಲ ಕೊಯ್ತ ಕಾಂಡದಿಂದ ಮೊಳದಾಚೆ, ಕೆಳಗಿನಿಂದ, ಮೂರನೇ ಒಂದು ಭಾಗದಷ್ಟು. ಎರಡನೆಯದು ಇನ್ನೂ ತುಸು ಆಚೆ, ಮೇಲಿನಿಂದ. ಕೆಳಗೆ ತೋಟವಿದ್ದರೆ ಕೊಂಬೆಗೆ ಮುಂಚೆಯೇ ಹಗ್ಗ ಕಟ್ಟಿ, ಮೇಲಿನ ಕವಲಿಗೆ ಹಾಯಿಸಿ, ಕೆಳಗಿನವರು ನಿಧಾನಕ್ಕೆ ಇಳಿಸುತ್ತಾರೆ. ಉಳಿದ ಮೋಟು ಮೂರನೆಯ ಕೊಯ್ತಕ್ಕೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬಳೆಯಂಥ ಉಬ್ಬು ಇರುತ್ತದೆ. ಗಾಯ ಮುಚ್ಚುವ ಜೀವಂತ ಅಂಗಾಂಶ ಇರುವುದು ಅಲ್ಲೇ. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ಇದನ್ನು ವಿವರಿಸಿದರು: ಮರದ ಗಾಯ ಮಾಯುವುದಿಲ್ಲ, ಮರ ಅದರ ಸುತ್ತ ಗೋಡೆ ಕಟ್ಟಿಕೊಂಡು ಹೊಸ ತೊಗಟೆ ಹೊದಿಸುತ್ತದೆ. ಹಾಗಾಗಿ ಉಬ್ಬನ್ನು ಕೆತ್ತಲೂಬಾರದು, ಅದರ ಮುಂದೆ ಗೂಟ ಉಳಿಸಲೂಬಾರದು. ಟಾರು ಬಳಿದರೆ ಕೊಳೆ ನಿಲ್ಲುತ್ತದೆ ಎಂಬ ನಂಬಿಕೆಗೂ ಅವರ ಅಧ್ಯಯನದಲ್ಲಿ ಆಧಾರ ಸಿಗಲಿಲ್ಲ.

ವಿದ್ಯುತ್ ತಂತಿಯ ಬಳಿಯ ಕೊಂಬೆ ಖಾಸಗಿ ಕೆಲಸವೇ ಅಲ್ಲ. ಅಲ್ಯೂಮಿನಿಯಂ ದೋಟಿ ಅಪಾಯವೆಂದು ಈಗ ಎಲ್ಲರಿಗೂ ಗೊತ್ತು. ಕೊನೆಕೊಯ್ಲಿಗೆ ಬಂದಿರುವ ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟು ಹರಿಯುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಹಸಿ ಬಿದಿರೂ ಅಷ್ಟೆ. 1912ಕ್ಕೆ ಕರೆ ಮಾಡಿ ಹೆಸ್ಕಾಂನವರಿಗೆ ತಿಳಿಸಿ, ಲೈನ್ ಬಂದ್ ಮಾಡಿಸಿಯೇ ಮುಂದುವರಿಯಬೇಕು. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಿರುವುದರಿಂದ, ಒಣಕೊಂಬೆಯ ಜೊತೆಗೆ ಹಸಿಯನ್ನೂ ಸವರುವ ಯೋಚನೆಯಿದ್ದರೆ ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು.

ಕೆಳಗೆ ಮನೆ, ತೋಟ, ದಾರಿ ಯಾವುದೂ ಇಲ್ಲದಿದ್ದರೆ ಕೊಂಬೆಯನ್ನು ಅದರ ಪಾಡಿಗೆ ಬಿಡುವುದೇ ಸರಿ. ಮರಕುಟಿಗ ಕೊರೆಯುವುದು ಸತ್ತ ಕೊಂಬೆಯನ್ನೇ, ಮಿಸ್ರಿಜೇನು ಸೇರುವುದು ಟೊಳ್ಳನ್ನೇ. ಕೊಂಬೆ ಕಡಿಯಲೇಬೇಕಾದ ಮರದಲ್ಲೂ ಪೊಟರೆಗಳನ್ನು ಒಮ್ಮೆ ನೋಡಬೇಕು. ಮಂಗಟ್ಟೆ ಹಕ್ಕಿ ಪೊಟರೆಯ ಬಾಯಿ ಮುಚ್ಚಿಕೊಂಡು ಮರಿ ಮಾಡುವುದೂ ಇದೇ ಬೇಸಿಗೆಯಲ್ಲಿ. ಬಾಯಿ ಮೆತ್ತಿದ ಪೊಟರೆ ಕಂಡರೆ ಮರಿ ಹಾರುವವರೆಗೆ ಆ ಮರದ ಕೆಲಸವನ್ನು ಮುಂದಕ್ಕೆ ಹಾಕಿ.