ಗಾಲಿಮನೆಗೊಂದು ತಂಗುನೆಲ: ಖುಲ್ತಾಬಾದಿನಿಂದ ಅಂಕೋಲಾದವರೆಗೆ

ಮಲಗುವ ಮಂಚ, ಅಡುಗೆಯ ಕಟ್ಟೆ, ಶೌಚಗೃಹ ಇಷ್ಟನ್ನೂ ಒಂದೇ ವಾಹನದೊಳಗೆ ಅಳವಡಿಸಿಕೊಂಡು ಊರಿಂದೂರಿಗೆ ಸಾಗುವ ಪ್ರವಾಸವನ್ನು ನಮ್ಮ ಸರ್ಕಾರಗಳು ಕ್ಯಾರವಾನ್ ಪ್ರವಾಸೋದ್ಯಮ ಎಂದು ಗುರುತಿಸುತ್ತವೆ; ಅಮೆರಿಕದಲ್ಲಿ ಇಂಥ ವಾಹನ ಆರ್‌ವಿ ಎಂದೂ ಅದು ರಾತ್ರಿ ತಂಗುವ, ನೀರು, ವಿದ್ಯುತ್ತು, ಕೊಳಚೆ ವಿಲೇವಾರಿಯ ಅನುಕೂಲವಿರುವ ಜಾಗ ಆರ್‌ವಿ ಪಾರ್ಕ್ ಎಂದೂ ಹೆಸರಾಗಿದೆ. ಮಹಾರಾಷ್ಟ್ರ 2021ರಲ್ಲಿ ಇದಕ್ಕಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು, ಕೇರಳ ಅದೇ ವರ್ಷ ತನ್ನ ಯೋಜನೆಯನ್ನು ಘೋಷಿಸಿ 2022ರಲ್ಲಿ ವಾಗಮಣ್ ಬೆಟ್ಟದಲ್ಲಿ ತನ್ನ ಮೊದಲ ಕ್ಯಾರವಾನ್ ಪಾರ್ಕನ್ನು ತೆರೆಯಿತು, ಕರ್ನಾಟಕದಲ್ಲಿಯೂ ಇಂಥ ವಾಹನಗಳು ಬಾಡಿಗೆಗೆ ಸಿಗುತ್ತಿವೆ. ಆದರೆ ವಾಹನ ಸಿಕ್ಕಷ್ಟು ಸುಲಭವಾಗಿ ಅದಕ್ಕೆ ತಕ್ಕ ನೆಲ ಸಿಗುವುದಿಲ್ಲ. ಕ್ಯಾರವಾನಿಗೆ ಜಾಗವಿದೆ ಎಂದು ಹೇಳಿಕೊಳ್ಳುವ ಕಡೆ ಹಲವು ವೇಳೆ ಇರುವುದು ರೆಸಾರ್ಟಿನ ಹಿಂದಿನ ಖಾಲಿ ಅಂಗಳ ಮತ್ತು ಗೋಡೆಯ ಮೇಲಿನ ಒಂದು ಪ್ಲಗ್ ಪಾಯಿಂಟ್ ಮಾತ್ರ. ಹೀಗಿರುವಾಗ ಆಯ್ಕೆಯ ಹೊಣೆ ಪ್ರವಾಸಿಯ ಮೇಲೆಯೇ ಬೀಳುತ್ತದೆ.

ಈ ಆಯ್ಕೆಯನ್ನು ಅರಿಯಲು ರಾಷ್ಟ್ರೀಯ ಹೆದ್ದಾರಿ 52ಕ್ಕಿಂತ ಒಳ್ಳೆಯ ಪಾಠಶಾಲೆ ಸಿಗಲಾರದು. ಪಂಜಾಬಿನ ಸಂಗ್ರೂರಿನಿಂದ ಹೊರಡುವ ಈ ಹೆದ್ದಾರಿ ಮಹಾರಾಷ್ಟ್ರದಲ್ಲಿ ಖುಲ್ತಾಬಾದ್ ಸೀಮೆಯನ್ನು ಸವರಿಕೊಂಡು ಛತ್ರಪತಿ ಸಂಭಾಜಿನಗರ, ಬೀಡ್, ಧಾರಾಶಿವ, ಸೋಲಾಪುರಗಳ ಮೂಲಕ ವಿಜಯಪುರಕ್ಕೆ ಬಂದು, ಹುಬ್ಬಳ್ಳಿ, ಯಲ್ಲಾಪುರಗಳನ್ನು ದಾಟಿ ಅಂಕೋಲಾದಲ್ಲಿ ಕಡಲ ಬಳಿ ಮುಗಿಯುತ್ತದೆ. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ಕೈಲಾಸನಾಥ ದೇವಾಲಯವನ್ನು ನೋಡಲು ಎಲ್ಲೋರಕ್ಕೆ ಹೋಗುವ ಕನ್ನಡಿಗರು ತಂಗುವ ಎತ್ತರದ ಬಯಲೂ, ಅವರು ಬೇಸರ ಕಳೆಯಲು ಇಳಿಯುವ ಉತ್ತರ ಕನ್ನಡದ ಕರಾವಳಿಯೂ ಹೀಗೆ ಒಂದೇ ಹಾದಿಯಲ್ಲಿವೆ. ಮೇಲಿನ ನೆಲದಲ್ಲಿ ಕಲಿತ ಎಚ್ಚರ ಕೆಳಗೆ ಎಷ್ಟರಮಟ್ಟಿಗೆ ಉಪಯೋಗಕ್ಕೆ ಬರುತ್ತದೆ, ಎಲ್ಲಿ ಸಾಲದಾಗುತ್ತದೆ ಎಂಬುದನ್ನು ಈ ಹಾದಿಯೇ ತೋರಿಸಿಕೊಡುತ್ತದೆ.

ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿರುವ ಖುಲ್ತಾಬಾದ್, ಎಲ್ಲೋರದ ಗುಹೆಗಳಿಂದ ನಾಲ್ಕೈದು ಕಿಲೋಮೀಟರ್ ದೂರದ, ಹಳೆಯ ಕೋಟೆಗೋಡೆಯೊಳಗಿನ ಸಣ್ಣ ಊರು. ಇಲ್ಲಿಗೆ ದೊಡ್ಡ ವಾಹನದಲ್ಲಿ ಬರುವವರು ಮೊದಲು ಲೆಕ್ಕ ಹಾಕಬೇಕಾದುದು ವಾಹನದ ಎತ್ತರ ಮತ್ತು ಉದ್ದವನ್ನು, ಏಕೆಂದರೆ ಸಂಭಾಜಿನಗರದಿಂದ ಬರುವ ಹಳೆಯ ರಸ್ತೆ ದೌಲತಾಬಾದ್ ಕೋಟೆಯ ಕಮಾನಿನ ಬಾಗಿಲಿನೊಳಗೇ ನುಗ್ಗಿ ಬರುತ್ತದೆ, ಖುಲ್ತಾಬಾದಿನ ಒಳಬೀದಿಗಳೋ ಕಾಲ್ನಡಿಗೆಯ ಕಾಲದವು. ಎರಡನೆಯದು ಮಣ್ಣು. ಬೆಟ್ಟದ ಮೇಲೆ ಕರಿಗಲ್ಲಿನ ಗಟ್ಟಿ ನೆಲವಿದ್ದರೂ ತಗ್ಗಿನ ಹೊಲಗಳಲ್ಲಿರುವುದು ಎರೆಮಣ್ಣು. ಬೇಸಿಗೆಯಲ್ಲಿ ಕಲ್ಲಿನಂತೆ ಕಾಣುವ ಈ ಮಣ್ಣಿನ ಜೇಡಿ ನೀರು ಹೀರಿ ಉಬ್ಬುವ ಗುಣದ್ದಾಗಿರುವುದರಿಂದ ಒಂದು ಹದ ಮಳೆ ಬಿದ್ದರೆ ನಾಲ್ಕೈದು ಟನ್ ತೂಕದ ವಾಹನದ ಗಾಲಿ ಹೂತುಹೋಗುತ್ತದೆ. ಕೃಷಿ ಪ್ರವಾಸದ ಹೆಸರಿನಲ್ಲಿ ಹೊಲದಂಚಿನಲ್ಲಿ ಜಾಗ ಕೊಡುವವರು ಗರಸು ಹಾಸಿ ಗಟ್ಟಿಮಾಡಿದ ಕಟ್ಟೆಯನ್ನು ತೋರಿಸಿದರೆ ಮಾತ್ರ ಮುಂಗಾರಿನಲ್ಲಿ ಅಲ್ಲಿ ನಿಲ್ಲುವುದು ಲೇಸು. ಶ್ರಾವಣದ ಶುಕ್ರವಾರ ರಾತ್ರಿ ಭದ್ರ ಮಾರುತಿಯ ದರ್ಶನಕ್ಕೆ ಸುತ್ತಲಿನ ಊರುಗಳ ಭಕ್ತರು ನಡೆದೇ ಬರುವುದರಿಂದ ಆಗ ರಸ್ತೆಬದಿಯಲ್ಲಿ ವಾಹನ ನಿಲ್ಲಿಸುವ ಮಾತೇ ಇಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು.

ತಂಗುವ ನೆಲವನ್ನು ನೀರಿನಿಂದ ಅಳೆಯುವ ಪದ್ಧತಿ ಈ ಸೀಮೆಗೆ ಹೊಸತಲ್ಲ. ಖುಲ್ತಾಬಾದಿನಲ್ಲಿ ಸಮಾಧಿಯಾಗಿರುವ ಮಲಿಕ್ ಅಂಬರ್, ಇಥಿಯೋಪಿಯದಿಂದ ಗುಲಾಮನಾಗಿ ಬಂದು ಅಹ್ಮದ್‌ನಗರದ ನಿಜಾಮಶಾಹಿಯ ಪ್ರಧಾನನಾದವನು, 1610ರಲ್ಲಿ ಖಡ್ಕಿಯನ್ನು, ಎಂದರೆ ಇಂದಿನ ಸಂಭಾಜಿನಗರವನ್ನು ನೆಲೆಗೊಳಿಸಿದಾಗ ಬೆಟ್ಟದ ಅಂತರ್ಜಲವನ್ನು ನೆಲದಡಿಯ ಕಾಲುವೆಗಳಲ್ಲಿ ಊರಿಗೆ ತಂದನು. ಅಂಥದೇ ಕಾಲುವೆಯ ನೀರಿನ ರಭಸದಿಂದ ಅಲ್ಲಿನ ಪಣಚಕ್ಕಿ ಎಂಬ ನೀರುಗಿರಣಿಯ ಬೀಸುಗಲ್ಲು ತಿರುಗಿ, ಪಕ್ಕದ ದರ್ಗಾಕ್ಕೆ ಬಂದು ತಂಗುವ ಯಾತ್ರಿಕರಿಗೆ ಹಿಟ್ಟು ಬೀಸಿಕೊಡುತ್ತಿತ್ತು. ಬಂದವರಿಗೆ ನೀರು, ಹಿಟ್ಟು, ನೆರಳು ಒದಗಿಸಿದ ಮೇಲೆಯೇ ತಂಗುದಾಣ ಎನಿಸಿಕೊಳ್ಳುವ ಆ ಅಳತೆಗೋಲು ಇಂದಿಗೂ ಸಲ್ಲುತ್ತದೆ.

ಖುಲ್ತಾಬಾದಿನಲ್ಲಿಯೇ ತೆರೆದ ಸಮಾಧಿಯಲ್ಲಿರುವ ಔರಂಗಜೇಬ ಬದುಕಿನ ಕೊನೆಯ ಇಪ್ಪತ್ತೈದು ವರ್ಷಗಳನ್ನು ಬಹುಮಟ್ಟಿಗೆ ದಖ್ಖನ್ನಿನ ಡೇರೆಗಳಲ್ಲಿಯೇ ಕಳೆದವನು. ಇಂದಿನ ಬಾಗಲಕೋಟೆ ಜಿಲ್ಲೆಯ ಗಲಗಲಿಯಲ್ಲಿಯೂ ಅವನು ಬೀಡು ಬಿಟ್ಟಿದ್ದನು, 1695ರಲ್ಲಿ ಇಟಲಿಯ ಪ್ರವಾಸಿ ಜೆಮೆಲ್ಲಿ ಕರೇರಿ ಅವನನ್ನು ಕಂಡದ್ದು ಅಲ್ಲಿಯೇ. ಮೊಘಲ್ ಚಕ್ರವರ್ತಿಗಳಿಗೆ ಎರಡು ಜೊತೆ ಡೇರೆಗಳಿದ್ದು, ಒಂದರಲ್ಲಿ ಅವರು ತಂಗಿರುವಾಗ ಇನ್ನೊಂದು ಮುಂದಿನ ಬೀಡಿಗೆ ಹೋಗಿರುತ್ತಿತ್ತು, ಜಾಗವನ್ನು ಗೊತ್ತುಮಾಡಿ ಅಳೆದು ಸಿದ್ಧಪಡಿಸಲು ಅಧಿಕಾರಿಗಳೇ ಇರುತ್ತಿದ್ದರು. ಇಷ್ಟೆಲ್ಲ ಏರ್ಪಾಟಿದ್ದರೂ 1700ರ ಅಕ್ಟೋಬರಿನಲ್ಲಿ ಖವಾಸಪುರದ ಬಳಿ ಮಾಣ್ ನದಿಯ ಪಾತ್ರವನ್ನು ತಾಗಿ ಬೀಡುಬಿಟ್ಟಿದ್ದಾಗ ರಾತ್ರೋರಾತ್ರಿ ನೆರೆ ನುಗ್ಗಿ ಪಾಳೆಯವನ್ನು ಕೊಚ್ಚಿಕೊಂಡು ಹೋಯಿತು, ಗಾಬರಿಯಲ್ಲಿ ಎಡವಿಬಿದ್ದ ಚಕ್ರವರ್ತಿಯ ಮೊಣಕಾಲು ಮತ್ತೆಂದೂ ಸರಿಹೋಗಲಿಲ್ಲ. ಒಣಗಿದ ಹೊಳೆಯ ದಂಡೆ ಸಮತಟ್ಟಾಗಿಯೂ ಮೆತ್ತಗೂ ಇದ್ದು ಬೀಡಿಗೆ ಹೇಳಿಮಾಡಿಸಿದಂತೆ ಕಾಣುತ್ತದೆ. ಮಳೆ ಬಿದ್ದದ್ದು ಮೇಲಿನ ಬೆಟ್ಟದಲ್ಲಾದ್ದರಿಂದ ಕೆಳಗಿನವರಿಗೆ ಸುಳಿವು ಸಿಗುವುದಿಲ್ಲ.

ಯಲ್ಲಾಪುರ ದಾಟಿ ಅರಬೈಲ್ ಘಟ್ಟವನ್ನು ಇಳಿದ ಮೇಲೆ ಲೆಕ್ಕವೆಲ್ಲ ಬದಲಾಗುತ್ತದೆ. ಖುಲ್ತಾಬಾದಿನ ಕಡೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಸುರಿಯುವ ಮಳೆ ಈ ಕರಾವಳಿಯಲ್ಲಿ 3,000 ಮಿಲಿಮೀಟರನ್ನೂ ಮೀರುತ್ತದೆ. ಇಲ್ಲಿ ನೀರು ಮೇಲಿನಿಂದಷ್ಟೇ ಅಲ್ಲದೆ ಕಡಲಿನಿಂದಲೂ ನೆಲದಡಿಯಿಂದಲೂ ಬರುತ್ತದೆ. ಉಬ್ಬರವಿಳಿತದ ಅಂತರ ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಹೆಚ್ಚುತ್ತದೆ. ನೀರು ಏರುವುದು ಒಂದೂವರೆ ಮೀಟರಿನಷ್ಟೇ ಆದರೂ ತೀರ ಚಪ್ಪಟೆಯಾಗಿರುವಲ್ಲಿ ಅದು ಹತ್ತಾರು ಮೀಟರ್ ಒಳಕ್ಕೆ ಹರಿದುಬರುತ್ತದೆ. ಅಂಕೋಲಾ, ಕುಮಟಾ ಕಡೆಯ ನದೀಮುಖಗಳಲ್ಲಿರುವ ಗಜನಿ, ಎಂದರೆ ಉಪ್ಪುನೀರು ಹತ್ತಿ ಇಳಿಯುವ ತಗ್ಗುಗದ್ದೆ, ಬೇಸಿಗೆಯಲ್ಲಿ ಬರಿಯ ಬಯಲಿನಂತೆ ತೋರುತ್ತದೆ. ಅಲ್ಲಿನ ಜೇಡಿ ಭಾರ ತಾಳುವುದಿಲ್ಲ. ಭಾರ ತಾಳುವ, ನೀರು ನಿಲ್ಲದ ನೆಲವೆಂದರೆ ಚಿರೆಕಲ್ಲಿನ ದಿಬ್ಬ. ಮನೆ ಕಟ್ಟಲು ಕಡಿದು ತೆಗೆಯುವ ಈ ಕೆಂಪುಕಲ್ಲಿನ ದಿಬ್ಬಗಳು ಕಡಲಿನಿಂದ ಅರ್ಧ, ಒಂದು ಕಿಲೋಮೀಟರ್ ಒಳಗೆ ಬೇಕಾದಷ್ಟಿವೆ, ಮತ್ತು ಕರಾವಳಿಯಲ್ಲಿ ತಂಗುವವರಿಗೆ ಒಳ್ಳೆಯ ಜಾಗ ಸಾಮಾನ್ಯವಾಗಿ ಅಲ್ಲಿಯೇ ಸಿಗುತ್ತದೆ. ಕಿಟಕಿ ತೆರೆದರೆ ಅಲೆ ಕಾಣಬೇಕು ಎಂಬ ಒಂದು ಆಸೆಯನ್ನು ಬಿಟ್ಟುಕೊಟ್ಟರೆ ಉಳಿದ ಹತ್ತು ಅನುಕೂಲಗಳು ಕೈಸೇರುತ್ತವೆ.

ಗುಡ್ಡದ ಬುಡವೂ ಮಳೆಗಾಲದಲ್ಲಿ ನಂಬತಕ್ಕದ್ದಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದಾಗ ರಸ್ತೆಬದಿಯ ಚಹಾದಂಗಡಿಯೂ ವಾಹನಗಳೂ ಗಂಗಾವಳಿ ನದಿಗೆ ಸೇರಿಹೋದವು, ಅಂಗಡಿಯ ಕುಟುಂಬದವರ ಜೊತೆಗೆ ದಣಿವಾರಿಸಿಕೊಳ್ಳಲು ನಿಲ್ಲಿಸಿದ್ದ ಚಾಲಕರೂ ಪ್ರಾಣ ಕಳೆದುಕೊಂಡರು. ರಸ್ತೆ ಅಗಲಿಸಲು ಗುಡ್ಡವನ್ನು ನೆಟ್ಟಗೆ ಕಡಿದ ಜಾಗಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಗಂಟೆಯ ನಿಲುಗಡೆಯೂ ತರವಲ್ಲ. ತೆಂಗಿನ ತೋಟದ ನೆರಳಿನಲ್ಲಿ ಜಾಗ ತೋರಿಸಿದರೆ ಕಾಯಿ ಇಳಿಸಿ ಎಷ್ಟು ದಿನವಾಯಿತೆಂದು ವಿಚಾರಿಸುವುದು ಅಗತ್ಯ; ಬಲಿತ ಕಾಯಿಯೊಂದು ಬಿದ್ದರೆ ವಾಹನದ ಫೈಬರ್ ಚಾವಣಿ ಉಳಿಯುವುದಿಲ್ಲ, ಕೆಳಗೆ ಮಕ್ಕಳು ಆಡುತ್ತಿದ್ದರೆ ಆಗುವ ಅನಾಹುತವನ್ನು ಹೇಳಬೇಕಾಗಿಲ್ಲ.

ವಿದ್ಯುತ್ತಿನ ವಿಷಯ ಚಿಕ್ಕದಾದರೂ ಅಲಕ್ಷಿಸತಕ್ಕದ್ದಲ್ಲ. 16 ಆಂಪಿಯರ್‌ನ ಒಂದು ಸಾಕೆಟ್ 230 ವೋಲ್ಟಿನಲ್ಲಿ ಹೆಚ್ಚೆಂದರೆ 3,680 ವ್ಯಾಟ್ ಕೊಡಬಲ್ಲದು. ಒಂದೂವರೆ ಟನ್ನಿನ ಎಸಿಯೂ ಇಂಡಕ್ಷನ್ ಒಲೆಯೂ ಒಟ್ಟಿಗೆ ನಡೆದರೆ ಆ ಮಿತಿ ಮುಟ್ಟಿಬಿಡುತ್ತದೆ, ಗೀಸರನ್ನೂ ಹಾಕಿದರೆ ಫ್ಯೂಸ್ ಹೋಗುತ್ತದೆ. ಅದಕ್ಕಿಂತ ಮುಖ್ಯವಾದುದು ಅರ್ಥಿಂಗ್, ಅಂದರೆ ಸೋರಿದ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ತಂತಿ, ಮತ್ತು ಸೋರಿಕೆ ಕಂಡೊಡನೆ ಸಂಪರ್ಕ ಕಡಿಯುವ ಸ್ವಿಚ್. ಲೋಹದ ಮೈಯ ವಾಹನ, ಉಪ್ಪು ತುಂಬಿದ ತೇವದ ಗಾಳಿ, ಬರಿಗಾಲಿನ ಮನುಷ್ಯ ಈ ಮೂರೂ ಸೇರುವ ಕರಾವಳಿಯಲ್ಲಿ ಇವೆರಡೂ ಇಲ್ಲದ ಸಾಕೆಟ್ಟಿಗೆ ವಾಹನವನ್ನು ಜೋಡಿಸಲೇಬಾರದು.

ಇವೆಲ್ಲಕ್ಕಿಂತ ಹೆಚ್ಚಿನ ಗಮನ ಸಲ್ಲಬೇಕಾದುದು, ಪ್ರವಾಸದ ಜಾಹೀರಾತುಗಳಲ್ಲಿ ಎಲ್ಲಿಯೂ ಕಾಣದ ಕೊಳಚೆಯ ಪ್ರಶ್ನೆಗೆ. ಕ್ಯಾರವಾನಿನಲ್ಲಿ ಮೂರು ತೊಟ್ಟಿಗಳಿರುತ್ತವೆ: ಕುಡಿಯುವ ಮತ್ತು ಬಳಸುವ ನೀರಿನದು ಒಂದು, ಪಾತ್ರೆ ತೊಳೆದ ಹಾಗೂ ಸ್ನಾನದ ನೀರಿನದು ಇನ್ನೊಂದು, ಶೌಚದ್ದು ಮೂರನೆಯದು. ಒಂದೆರಡು ದಿನಕ್ಕೆ ತುಂಬುವ ಕೊನೆಯ ಎರಡು ತೊಟ್ಟಿಗಳನ್ನು ಎಲ್ಲಿ ಬರಿದುಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡದ ಜಾಗ ಎಷ್ಟೇ ಸುಂದರವಾಗಿದ್ದರೂ ಅದು ಪಾರ್ಕಲ್ಲ, ಬರಿಯ ನಿಲುಗಡೆ. ಕರಾವಳಿಯ ಮರಳು ನೆಲದಲ್ಲಿ ಅಂತರ್ಜಲ ಕೆಲವೇ ಅಡಿಗಳ ಆಳದಲ್ಲಿದ್ದು, ಮನೆಮನೆಯ ತೆರೆದ ಬಾವಿಗೆ ಅದೇ ಒರತೆಯಾಗಿರುತ್ತದೆ. ಮರಳಿನಲ್ಲಿ ತೋಡಿದ ಇಂಗುಗುಂಡಿಗೆ ಸುರಿದ ಕೊಳಚೆ ಸೋಸಿಹೋಗುವ ಮೊದಲೇ ಪಕ್ಕದ ಮೀನುಗಾರರ ಮನೆಯ ಬಾವಿಯನ್ನು ಸೇರುತ್ತದೆ. ಎರಡು ದಿನ ಇದ್ದು ಹೋಗುವವರ ಹೊಲಸನ್ನು ಅಲ್ಲಿಯೇ ಬದುಕುವವರು ಕುಡಿಯಬೇಕಾಗುವುದಕ್ಕಿಂತ ದೊಡ್ಡ ಅನ್ಯಾಯ ಪ್ರವಾಸದಲ್ಲಿ ಬೇರೊಂದಿಲ್ಲ. ಆದ್ದರಿಂದ ಸೆಪ್ಟಿಕ್ ಟ್ಯಾಂಕ್ ಎಲ್ಲಿದೆ, ಹತ್ತಿರದ ಬಾವಿ ಎಷ್ಟು ದೂರದಲ್ಲಿದೆ, ಟ್ಯಾಂಕನ್ನು ಖಾಲಿ ಮಾಡುವ ಲಾರಿ ಬರುತ್ತದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳುವುದು ಸಂಕೋಚದ ವಿಷಯವಾಗಬಾರದು. ವಾಸನೆ ತಡೆಯಲು ಶೌಚದ ತೊಟ್ಟಿಗೆ ಹಾಕುವ ದ್ರಾವಣದಲ್ಲಿ ಫಾರ್ಮಾಲ್ಡಿಹೈಡ್ ಇದ್ದರೆ ಅದು ಸೆಪ್ಟಿಕ್ ಟ್ಯಾಂಕಿನಲ್ಲಿ ಮಲವನ್ನು ಕರಗಿಸುವ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುವುದರಿಂದ ಆ ಬಗೆಯದನ್ನು ಬಳಸದಿರುವುದು ಪ್ರವಾಸಿಯ ಪಾಲಿನ ಕರ್ತವ್ಯ.

ಕಾನೂನು ಕೂಡ ಕಡಲಂಚಿನಿಂದ ದೂರ ಸರಿಯಲು ಹೇಳುತ್ತದೆ. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯ ಪ್ರಕಾರ, ಉಬ್ಬರದ ನೀರು ಮುಟ್ಟುವ ಗೆರೆಯಿಂದ ನಿರ್ಮಾಣಕ್ಕೆ ಅವಕಾಶವಿಲ್ಲದ ಪಟ್ಟಿಯ ಅಗಲ ಜನಸಾಂದ್ರತೆ ಹೆಚ್ಚಿರುವ ಗ್ರಾಮೀಣ ಪ್ರದೇಶಗಳಲ್ಲಿ 50 ಮೀಟರ್, ಉಳಿದ ಗ್ರಾಮೀಣ ಪ್ರದೇಶಗಳಲ್ಲಿ 200 ಮೀಟರ್. ಮರಳದಿಬ್ಬವನ್ನು ಹಿಡಿದು ನಿಲ್ಲಿಸುವ ಅಡುಂಬಿನ ಬಳ್ಳಿ ಗಾಲಿಯ ತುಳಿತಕ್ಕೆ ಸಾಯುತ್ತದೆ, ಚಳಿಗಾಲದಲ್ಲಿ ಹೊನ್ನಾವರದ ಕಾಸರಕೋಡು ಮೊದಲಾದ ಕಡೆ ಮೊಟ್ಟೆಯಿಡುವ ಆಲಿವ್ ರಿಡ್ಲಿ ಆಮೆಗಳ ಮರಿಗಳು ದೀಪದ ಬೆಳಕಿಗೆ ದಿಕ್ಕುತಪ್ಪಿ ಕಡಲಿನ ಬದಲು ಊರಿನ ಕಡೆ ತೆವಳುತ್ತವೆ. ಅದೇ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ಕಡಲತೀರಗಳು 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದವು; ನೀರಿನ ಶುದ್ಧತೆ, ಕಸದ ನಿರ್ವಹಣೆ, ಸುರಕ್ಷತೆ ಮುಂತಾದ 33 ಅಂಶಗಳನ್ನು ಪರಿಶೀಲಿಸಿ ಕೊಡುವ ಈ ಮನ್ನಣೆ ತೀರಕ್ಕೆ ಸಲ್ಲುವುದೇ ಹೊರತು ಪಕ್ಕದ ತಂಗುದಾಣಕ್ಕಲ್ಲ ಎಂಬುದನ್ನು ಜಾಹೀರಾತು ಓದುವಾಗ ಮರೆಯಬಾರದು.

ಋತುವಿನ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ: ನವೆಂಬರ್‌ನಿಂದ ಫೆಬ್ರವರಿವರೆಗೆ ಹಿತ, ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಎಸಿ ಇಲ್ಲದೆ ವಾಹನದೊಳಗೆ ಮಲಗಲಾಗದು. ಹಿಂದಿರುಗುವ ಮುನ್ನ ಸಿಹಿನೀರಿನಿಂದ ವಾಹನದ ತಳಭಾಗವನ್ನು, ವಿಶೇಷವಾಗಿ ಬ್ರೇಕಿನ ನಳಿಗೆಗಳನ್ನೂ ಸ್ಪ್ರಿಂಗ್ ಪಟ್ಟಿಗಳನ್ನೂ ತೊಳೆಯಲು ಅನುಕೂಲವಿರುವ ಜಾಗವನ್ನೇ ಆರಿಸಿಕೊಂಡರೆ ಉಪ್ಪಿನಿಂದ ತುಕ್ಕು ಹಿಡಿಯುವುದು ತಪ್ಪುತ್ತದೆ. ಕೊಳಚೆಯ ತೊಟ್ಟಿಗಳನ್ನೂ ಅಲ್ಲಿಯೇ ಬರಿದುಮಾಡಿಕೊಂಡು ಹೊರಡಬೇಕು, ಏಕೆಂದರೆ ಅರಬೈಲ್ ಘಟ್ಟ ಹತ್ತಿದ ಮೇಲೆ ಯಲ್ಲಾಪುರದ ಆಚೀಚೆ ಕಾಡು, ಕಾಡಿನೊಳಗೆ ಹಳ್ಳಗಳು, ಆ ಹಳ್ಳಗಳ ನೀರನ್ನೇ ನಂಬಿದ ಊರುಗಳು.