ಸ್ಟೇ ತಂದ್ರೆ ಗೆದ್ದಂಗಾ?

ಒಂದು ಮಂಗಳವಾರ ಆಫೀಸ್ ಮೀಟಿಂಗ್ ನಡುವೆ ಅಪ್ಪನ ಫೋನ್. ಎರಡು ಸಲ ಕಟ್ ಮಾಡಿದೆ. ಮೂರನೇ ಸಲ ಎತ್ತಿದಾಗ ಅಪ್ಪ ಹೇಳಿದ್ದು ಇಷ್ಟು: "ಪಕ್ಕದ ತೋಟದವ್ರು ಜೆಸಿಬಿ ತಂದು ನಿಲ್ಸವ್ರೆ. ಬೇಲಿ ಹಾಕ್ಬೇಕು, ಬದುವಿನ ಮೇಲಿರೋ ತೆಂಗಿನ ಮರ ಕೀಳ್ತೀವಿ ಅಂತವ್ರೆ. ಕೋರ್ಟಿಂದ ಸ್ಟೇ ತರ್ಬೇಕು ಕಣೋ, ಬಾ."

ತಿಪಟೂರು ಕಡೆಯ ನಮ್ಮ ಹಳ್ಳಿಯಲ್ಲಿ 'ಸ್ಟೇ' ಅನ್ನೋ ಪದ ಗೊತ್ತಿಲ್ಲದವರಿಲ್ಲ. ಜಗಳ ಜೋರಾದರೆ "ಸ್ಟೇ ತರ್ತೀನಿ, ನೋಡ್ತಿರು" ಅನ್ನೋದು ಮಾಮೂಲು. ಅದು ನಿಜಕ್ಕೂ ಏನು ಅಂತ ಮಾತ್ರ ಅವತ್ತಿನವರೆಗೆ ನನಗೂ ಗೊತ್ತಿರಲಿಲ್ಲ.

ಮಾರನೇ ದಿನ ವಕೀಲರು ಮೊದಲು ತಿದ್ದಿದ್ದೇ ಆ ಪದವನ್ನು. ಸ್ಟೇ ಅಂದರೆ ಒಂದು ಆದೇಶವನ್ನೋ ನಡೆಯುತ್ತಿರುವ ವಿಚಾರಣೆಯನ್ನೋ ತಡೆಹಿಡಿಯುವುದು. ನಮಗೆ ಬೇಕಿದ್ದದ್ದು ಇಂಜಂಕ್ಷನ್, ಅಂದರೆ ನಿರ್ಬಂಧಕಾಜ್ಞೆ. 'ನೀನು ಈ ಕೆಲಸ ಮಾಡಬೇಡ' ಅಂತ ಎದುರು ಪಾರ್ಟಿಗೇ ಕೋರ್ಟ್ ಕೊಡುವ ಆದೇಶ ಅದು. ಪೇಪರಿನಲ್ಲಿ ಎರಡಕ್ಕೂ 'ತಡೆಯಾಜ್ಞೆ' ಅಂತಲೇ ಬರೆಯುವುದರಿಂದ ಗೊಂದಲ.

ಇದರಲ್ಲೂ ಬಗೆಗಳಿವೆ. ಕೇಸ್ ಮುಗಿಯುವವರೆಗೆ ಇದ್ದದ್ದು ಇದ್ದಂತೆ ಉಳಿಸೋದು ತಾತ್ಕಾಲಿಕ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದಲ್ಲಿ ಇದರ ನಿಯಮಗಳಿವೆ. ಪೂರ್ತಿ ವಿಚಾರಣೆ ಆದಮೇಲೆ ತೀರ್ಪಿನಲ್ಲಿ ಸಿಗೋದು ಶಾಶ್ವತ. ಅದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಪ್ರಕಾರ. ಕಟ್ಟಿದ್ದನ್ನು ಕೆಡವು ಅಂತ, ಏನನ್ನಾದರೂ ಮಾಡಿಸುವ ಆದೇಶವೂ ಉಂಟು.

"ತಾತ್ಕಾಲಿಕ ಆದೇಶ ಕೊಡೋಕೆ ಜಡ್ಜ್ ಮೂರು ಪ್ರಶ್ನೆ ಕೇಳ್ಕೋತಾರೆ" ಅಂದರು ವಕೀಲರು.

ಮೊದಲನೆಯದು, ಮೇಲ್ನೋಟಕ್ಕೆ ನಿಮ್ಮ ಕೇಸಿನಲ್ಲಿ ಹುರುಳಿದೆಯಾ? ಪಹಣಿ ಅಪ್ಪನ ಹೆಸರಲ್ಲಿದೆ, ತೋಟ ನಮ್ಮ ಅನುಭವದಲ್ಲಿದೆ. ಎರಡನೆಯದು, ಆದೇಶ ಕೊಟ್ಟರೆ ಅವರಿಗಾಗುವ ತೊಂದರೆ ದೊಡ್ಡದಾ, ಕೊಡದಿದ್ದರೆ ನಿಮಗಾಗುವುದು ದೊಡ್ಡದಾ? ಬೇಲಿ ಆರು ತಿಂಗಳು ತಡವಾದರೆ ಅಂಥ ನಷ್ಟವೇನಿಲ್ಲ. ಮೂರನೆಯದು, ಆಗುವ ನಷ್ಟವನ್ನು ಆಮೇಲೆ ದುಡ್ಡು ಕೊಟ್ಟು ತುಂಬಿಸಬಹುದಾ? ತಾತ ನೆಟ್ಟ ಹದಿನಾಲ್ಕು ಮರ ಒಂದು ಬೆಳಗ್ಗೆ ಉರುಳಿದರೆ ಮತ್ತೆ ಅಷ್ಟು ಬೆಳೆಸೋದು ಯಾರು? ಮೂರೂ ನಮ್ಮ ಕಡೆಗೇ ಇವೆ ಅನ್ನಿಸಿತು.

ಅವತ್ತು ರಾತ್ರಿ ಅಪ್ಪನ ಕಬ್ಬಿಣದ ಪೆಟ್ಟಿಗೆಯ ಕಾಗದಗಳನ್ನೆಲ್ಲ ಫೋನಿನಲ್ಲಿ ಸ್ಕ್ಯಾನ್ ಮಾಡುತ್ತಾ ಕೂತೆ. ಪೆಟ್ಟಿಗೆಯ ತಳದಲ್ಲಿ ಒಂದು ಹಳೇ ಹದ್ದುಬಸ್ತು ನಕ್ಷೆ ಸಿಕ್ಕಿತು. ಅದರ ಪ್ರಕಾರ ಮೂಲೆಯ ಎರಡು ಮರ ಪಕ್ಕದವರ ಜಾಗದಲ್ಲಿವೆ.

"ಅಪ್ಪ, ಇದು?"

"ಅದನ್ನ ಯಾಕೆ ತೆಗ್ದೆ? ಅದು ಬೇಡ, ಒಳಗಿಡು."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಪ್ಪ ಮೋಸಗಾರರಲ್ಲ. ನೀರು ಹೊತ್ತು ಹಾಕಿ ಬೆಳೆಸಿದ ಮರ ತನ್ನದಲ್ಲ ಅಂತ ಒಪ್ಪೋಕೆ ಅವರಿಗೆ ಮನಸ್ಸು ಬರುತ್ತಿಲ್ಲ, ಅಷ್ಟೇ. ಆದರೂ ಬೆಳಗ್ಗೆ ನಕ್ಷೆಯನ್ನು ವಕೀಲರ ಮುಂದೆ ಇಟ್ಟೆ.

ಅವರು ಅಪ್ಪನ ಕಡೆ ತಿರುಗಿದರು. "ಯಜಮಾನ್ರೇ, ಇದನ್ನ ಮುಚ್ಚಿಟ್ರೆ ಹನ್ನೆರಡು ಮರಾನೂ ಹೋಗ್ತವೆ."

ಕಾರಣ ಇದೆ. ಸಾಮಾನ್ಯವಾಗಿ ಎದುರು ಪಾರ್ಟಿಗೆ ನೋಟಿಸ್ ಕೊಟ್ಟೇ ಆದೇಶ ಮಾಡಬೇಕು. ಅಷ್ಟರಲ್ಲಿ ಕೆಲಸ ಕೆಟ್ಟುಹೋಗುತ್ತೆ ಅನ್ನಿಸಿದರೆ ಮಾತ್ರ, ಕಾರಣ ಬರೆದು, ಒಬ್ಬರ ಮಾತನ್ನಷ್ಟೇ ಕೇಳಿ ಕೋರ್ಟ್ ಆದೇಶ ಕೊಡುತ್ತದೆ. ಆಮೇಲೆ ಅರ್ಜಿ, ಪ್ರಮಾಣಪತ್ರ, ದಾಖಲೆಗಳ ಪ್ರತಿಯನ್ನು ಎದುರಿನವರಿಗೆ ಕೂಡಲೇ ಕಳಿಸಬೇಕು. ಅರ್ಜಿಯನ್ನು 30 ದಿನದೊಳಗೆ ಇತ್ಯರ್ಥ ಮಾಡಲು ಕೋರ್ಟ್ ಪ್ರಯತ್ನಿಸಬೇಕು. ಬೇಕಂತಲೇ ಸುಳ್ಳು ಹೇಳಿಯೋ ದಾರಿ ತಪ್ಪಿಸಿಯೋ ಹೀಗೆ ಆದೇಶ ಪಡೆದಿದ್ದರೆ, ಬೇರೆ ಬಲವಾದ ಕಾರಣವಿಲ್ಲದ ಹೊರತು ಅದು ರದ್ದಾಗಬೇಕು. ನಿರ್ಬಂಧಕಾಜ್ಞೆ ಕೇಳುವವರ ನಡತೆಯೇ ಸರಿಯಿಲ್ಲದಿದ್ದರೆ ಅದನ್ನು ನಿರಾಕರಿಸಬಹುದು ಅಂತ 1963ರ ಕಾಯ್ದೆಯ 41ನೇ ಕಲಮಿನಲ್ಲೂ ಇದೆ.

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಹಾಕಿ" ಅಂದರು. ನಕ್ಷೆಯೂ ಸೇರಿ, ಹನ್ನೆರಡು ಮರಕ್ಕಷ್ಟೇ ಅರ್ಜಿ ಹೋಯಿತು. ಆದೇಶ ಸಿಕ್ಕಿತು.

ಸಂಜೆ ಅಪ್ಪ ಊರಲ್ಲಿ ಮೈಸೂರ್‌ಪಾಕ್ ಹಂಚಿದರು. ವಕೀಲರಿಗೂ ಒಂದು ಡಬ್ಬ. ಅವರು ನಕ್ಕು, "ಗೆದ್ದಿಲ್ಲ ಯಜಮಾನ್ರೇ, ಜೆಸಿಬಿ ನಿಂತಿದೆ ಅಷ್ಟೇ" ಅಂದರು. ಜಾಗ ಯಾರದು ಅನ್ನೋದು ವಿಚಾರಣೆಯಲ್ಲೇ ತೀರ್ಮಾನವಾಗಬೇಕು. ಹಕ್ಕಿನ ಬಗ್ಗೆಯೇ ಗಂಭೀರ ತಕರಾರಿದ್ದರೆ ಬರೀ ಇಂಜಂಕ್ಷನ್ ಕೇಳಿದರೆ ಸಾಲದು, ಹಕ್ಕು ಘೋಷಣೆಯನ್ನೂ ಕೇಳಬೇಕು ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಅನತುಲ ಸುಧಾಕರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಆದೇಶ ಮೀರಿದರೆ? ಆಸ್ತಿ ಜಪ್ತಿ ಮಾಡಬಹುದು, ಮೂರು ತಿಂಗಳವರೆಗೆ ಸಿವಿಲ್ ಜೈಲಿಗೂ ಕಳಿಸಬಹುದು. ಅದಕ್ಕೆ ಮತ್ತೆ ಅದೇ ಕೋರ್ಟಿಗೆ ಅರ್ಜಿ ಹಾಕಬೇಕು. ನಿಮ್ಮ ಮೇಲೆಯೇ ಯಾರಾದರೂ ಹೀಗೆ ಆದೇಶ ತರಬಹುದು ಅನ್ನೋ ಅನುಮಾನವಿದ್ದರೆ ಮೊದಲೇ ಕೇವಿಯಟ್ ಹಾಕಿಡಿ. 90 ದಿನದವರೆಗೆ, ನಿಮಗೆ ತಿಳಿಸದೆ ಆದೇಶ ಆಗದಂತೆ ಅದು ಕಾಯುತ್ತದೆ. ಊರಿಂದ ದೂರ ಇರೋ ನಮ್ಮಂಥವರಿಗೆ ಇ-ಕೋರ್ಟ್ಸ್ ಆ್ಯಪ್ ಇದೆ. ಕೇಸಿನ 16 ಅಕ್ಷರದ ಸಿಎನ್‌ಆರ್ ನಂಬರ್ ಹಾಕಿದರೆ ಮುಂದಿನ ದಿನಾಂಕ ಫೋನಲ್ಲೇ ಸಿಗುತ್ತೆ.

ಅಪ್ಪನ ಫೋನನ್ನು ಈಗ ನಾನು ಕಟ್ ಮಾಡಲ್ಲ. "ಡೇಟ್ ಯಾವತ್ತು?" ಅಂತ ಕೇಳ್ತಾರೆ, ನೋಡಿ ಹೇಳ್ತೀನಿ. ಕೇಸ್ ಇನ್ನೂ ನಡೀತಿದೆ. ಮೂಲೆಯ ಆ ಎರಡು ಮರ ಇನ್ನೂ ನಿಂತಿವೆ. ಕಾಯಿ ಕೆಡವೋರು ಬಂದಾಗ ಅಪ್ಪ ಹನ್ನೆರಡು ಮರ ಹತ್ತಿಸಿ, ಅಲ್ಲಿಗೇ ಸಾಕು ಅಂತಾರೆ.