ತೂಕ ಕಂಪ್ಯೂಟರ್‌ಗೆ ಬರುತ್ತಿಲ್ಲವೇ? ವೈರಸ್ಸನ್ನೇ ದೂರಬೇಡಿ

ಅತನೂರಿನ ಕಡೆಯ ಕಬ್ಬಿನ ಟ್ರ್ಯಾಕ್ಟರ್ ವೇಬ್ರಿಡ್ಜ್ ಮೇಲೆ ನಿಂತಿದೆ ಎಂದುಕೊಳ್ಳಿ. ಕಂಪ್ಯೂಟರ್‌ನಲ್ಲಿ ತೂಕವೇ ಬರುತ್ತಿಲ್ಲ, ಇಲ್ಲವೇ 18460 ಕೆಜಿ 1846 ಆಗಿದೆ. ‘ವೈರಸ್ ಹೊಕ್ಕಿದೆ, ವಿಂಡೋಸ್ ಹೊಸದಾಗಿ ಹಾಕಿಸಿ’ ಎಂಬ ಸಲಹೆ ತಕ್ಷಣ ಸಿಗುತ್ತದೆ. ದುಡ್ಡು ಕೊಡುವ ಮುನ್ನ ತುಸು ತಡೆಯಿರಿ ಎನ್ನುತ್ತೇವೆ ನಾವು.

ವೇಬ್ರಿಡ್ಜ್‌ನ ಡಿಸ್‌ಪ್ಲೇಯಿಂದ ಕಂಪ್ಯೂಟರ್‌ಗೆ ತೂಕ ಸಾಮಾನ್ಯವಾಗಿ ಸೀರಿಯಲ್ ಪೋರ್ಟ್ ಮೂಲಕ ಒಂದೊಂದೇ ಅಂಕಿಯಾಗಿ ಹೋಗುತ್ತದೆ. ಅಂಕಿ ಬಂದಾಗ ಪೋರ್ಟು ಪ್ರೊಸೆಸರ್ ಅನ್ನು ಕೂಗಿ ಕರೆಯುತ್ತದೆ. ಇದೇ ಇಂಟರಪ್ಟ್. 9600 ಬಾಡ್ ವೇಗದಲ್ಲಿ ಹೆಚ್ಚುಕಡಿಮೆ ಮಿಲಿಸೆಕೆಂಡಿಗೊಂದು ಅಂಕಿ. ಹಳೆಯ 8250 ಚಿಪ್ ಒಂದನ್ನಷ್ಟೇ ಹಿಡಿದಿಡುತ್ತಿತ್ತು. ಪ್ರೊಸೆಸರ್ ತಡಮಾಡಿದರೆ ಅಂಕಿ ಕಳೆದೇಹೋಯಿತು. 16550ಎ ಚಿಪ್ 16 ಹಿಡಿಯುತ್ತದೆ.

ಹಳೆಯ ಪಿಸಿಗಳಲ್ಲಿ ಕಾಮ್ 1, ಕಾಮ್ 3 ಎರಡಕ್ಕೂ ಐಆರ್‌ಕ್ಯೂ 4. ಕಾಮ್ 2, ಕಾಮ್ 4ಕ್ಕೆ ಐಆರ್‌ಕ್ಯೂ 3. ಎರಡು ಮನೆಗೆ ಒಂದೇ ಕರೆಗಂಟೆ! ಕಾಮ್ 1ರಲ್ಲಿ ವೇಬ್ರಿಡ್ಜ್, ಕಾಮ್ 3ರಲ್ಲಿ ಮೋಡೆಮ್ ಒಟ್ಟಿಗೆ ನಡೆದರೆ ಗೊಂದಲ ಖಂಡಿತ. ವಿಂಡೋಸ್ ಎಷ್ಟು ಸಲ ಹಾಕಿಸಿದರೂ ಇದು ಹೋಗದು. ಒಂದನ್ನು ಕಾಮ್ 2ಕ್ಕೆ ಬದಲಿಸಬೇಕು.

ಮೊದಲು ಕೇಬಲ್, ಬಾಡ್ ರೇಟ್ ನೋಡಿ. ಬಳಿಕ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಪೋರ್ಟಿನ ‘ರಿಸೋರ್ಸಸ್’ ತೆರೆಯಿರಿ, ತಾಕಲಾಟವಿದ್ದರೆ ಅಲ್ಲೇ ತೋರಿಸುತ್ತದೆ. ಯುಎಸ್‌ಬಿ ಕನ್ವರ್ಟರ್ ಹಾಕಿದ್ದರೆ ಐಆರ್‌ಕ್ಯೂ ಹುಡುಕುತ್ತ ಕೂರಬೇಡಿ. ಬೇರೆ ಕಿಂಡಿಗೆ ಚುಚ್ಚಿದಾಗ ಕಾಮ್ ಸಂಖ್ಯೆ ಬದಲಾಗಿರಬಹುದು, ಅಷ್ಟೇ.

ರೈತರು ನೋಡಬೇಕಾದದ್ದು ಬೇರೆ: ಕಂಪ್ಯೂಟರ್ ತಪ್ಪಿದರೂ ವೇಬ್ರಿಡ್ಜ್‌ನ ಡಿಸ್‌ಪ್ಲೇ ಸರಿಯಾಗಿಯೇ ಇರಬಹುದು. ಗಾಡಿ ಇಳಿಸುವ ಮುನ್ನ ಚೀಟಿಯ ಅಂಕಿಯನ್ನು ಅದರೊಂದಿಗೆ ತಾಳೆ ಹಾಕಿ.